ವಾಂತಿ ಜಾಸ್ತಿ ಆದರೆ ಹೆಣ್ಣು ಮಗು ಅನ್ನುವುದು ನಿಜವಾ? ಅನುಭವ ಇದ್ದವರು ಹೇಳಿ

ತೋಟದಮನೆ_ಸೊಸೆ
ಎಲ್ಲರಿಗೂ ನಮಸ್ಕಾರ. ನಾಪೋಕ್ಲು ಕಡೆಯವಳು. ಮೊದಲ ಬಸಿರು, ಈಗ ಒಂಬತ್ತನೇ ವಾರ. ವಾಂತಿ ಅಂದರೆ ಬೆಳಿಗ್ಗೆ ಒಂದೆರಡು ಸಲ ಅಂದುಕೊಂಡಿದ್ದೆ. ಇಲ್ಲಿ ಬೆಳಿಗ್ಗೆ, ರಾತ್ರಿ ಅಂತ ಲೆಕ್ಕವೇ ಇಲ್ಲ. ನೀರು ಕುಡಿದರೆ ನೀರು, ಗಂಜಿ ಕುಡಿದರೆ ಗಂಜಿ, ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೆ ಹಳದಿ ಪಿತ್ತ. ಮಳೆ ಬೇರೆ ಬಿಡುತ್ತಿಲ್ಲ, ಕಿಟಕಿ ತೆಗೆಯುವ ಹಾಗಿಲ್ಲ. ಒಲೆ ಹೊಗೆ, ಒಣಮೀನು, ಕಣಿಲೆ (ಎಳೆ ಬಿದಿರು) ನೆನೆಹಾಕಿದ ನೀರು, ಎಲ್ಲದರ ವಾಸನೆಯೂ ಮನೆಯೊಳಗೇ ಸುತ್ತುತ್ತಿರುತ್ತದೆ. ನಿನ್ನೆ ಕಣಿಲೆ ಪಾತ್ರೆಯ ಮುಚ್ಚಳ ತೆಗೆದದ್ದಷ್ಟೇ, ಹಿಂದಿನ ಬಾಗಿಲ ತನಕ ಹೋಗುವಷ್ಟೂ ಪುರುಸೊತ್ತು ಸಿಗಲಿಲ್ಲ.

ಬಂದವರೆಲ್ಲ "ಇಷ್ಟು ವಾಂತಿ ಅಂದರೆ ಹೆಣ್ಣೇ, ಬರೆದಿಟ್ಟುಕೋ" ಅನ್ನುತ್ತಾರೆ. ಹೆಣ್ಣಾದರೆ ನನಗೆ ಖುಷಿಯೇ. ಆದರೆ ಅತ್ತೆ "ನಾನು ದಿನ ತುಂಬುವ ತನಕ ತೋಟಕ್ಕೆ ಹೋಗಿದ್ದೇನೆ, ನಮಗೆಲ್ಲ ಇದೆಲ್ಲ ಇರಲಿಲ್ಲ" ಅನ್ನುತ್ತಾರೆ. ಮಾವನವರು ಮಾತ್ರೆ ತೆಗೆದುಕೊಳ್ಳಬೇಡ ಅಂತಾರೆ. ಹೆಣ್ಣು ಮಗುವಿಗೂ ವಾಂತಿಗೂ ನಿಜವಾಗಿ ಸಂಬಂಧ ಇದೆಯಾ? ಇಷ್ಟೊಂದು ಆಗುವುದು ಮಾಮೂಲಾ?

ಗೋಣಿಕೊಪ್ಪ_ಗೌರಿ
ಹೆಣ್ಣೇ. ನನಗೆ ಎರಡೂ ಸಲ ಹೀಗೇ ಆಗಿತ್ತು, ಎರಡೂ ಹೆಣ್ಣೇ. ಶುಭವಾಗಲಿ ತಂಗಿ.

ಮರಗೋಡಿನ_ಮಾವ
ನನ್ನ ಹೆಂಡತಿ ಎರಡು ಗಂಡು ಮಕ್ಕಳಿಗೂ ಐದು ತಿಂಗಳು ತನಕ ಬಕೆಟ್ ಹಿಡಿದುಕೊಂಡೇ ಇದ್ದಳು. ಅದಕ್ಕೇನು ಹೇಳುತ್ತೀರಿ ಗೌರಿಯಕ್ಕ?

ಗೋಣಿಕೊಪ್ಪ_ಗೌರಿ
ಅದು ಅಪರೂಪ. ನಮ್ಮ ಅಜ್ಜಿ ಸೂಲಗಿತ್ತಿ. ಹೊಟ್ಟೆ ಮುಂದಕ್ಕೆ ಚೂಪಾಗಿದ್ದರೆ ಗಂಡು, ಸೊಂಟದ ಸುತ್ತ ಹರಡಿದರೆ ಹೆಣ್ಣು, ಮುಖ ಕಳೆಗುಂದಿದರೆ ಹೆಣ್ಣು ಅನ್ನುತ್ತಿದ್ದರು. ಹೆಣ್ಣು ಮಗು ತಾಯಿಯ ಚೆಲುವು ತೆಗೆದುಕೊಂಡು ಹುಟ್ಟುತ್ತದಂತೆ.

ಲೆಕ್ಕದ_ಮೇಷ್ಟ್ರು
ಇದರಲ್ಲಿ ಪೂರ್ತಿ ಸುಳ್ಳೂ ಇಲ್ಲ, ಪೂರ್ತಿ ನಿಜವೂ ಇಲ್ಲ. 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಸ್ವೀಡನ್ನಿನ ಒಂದು ಅಧ್ಯಯನ ಬಂತು. 1987ರಿಂದ 1995ರ ತನಕದ ಹತ್ತು ಲಕ್ಷಕ್ಕೂ ಜಾಸ್ತಿ ಹೆರಿಗೆಗಳ ದಾಖಲೆ ನೋಡಿದ್ದರು. ಅದರಲ್ಲಿ ಮೊದಲ ಮೂರು ತಿಂಗಳಲ್ಲೇ ವಾಂತಿಗಾಗಿ ಆಸ್ಪತ್ರೆ ಸೇರಿದವರು ಸುಮಾರು 5,900 ಮಂದಿ. ಅವರಿಗೆ ಹುಟ್ಟಿದ ಮಕ್ಕಳಲ್ಲಿ ಶೇ. 55.7 ಹೆಣ್ಣು. ಮಿಕ್ಕವರಲ್ಲಿ ಶೇ. 48.6 ಹೆಣ್ಣು. ಅಂದರೆ ವ್ಯತ್ಯಾಸ ಇದೆ.

ಗೋಣಿಕೊಪ್ಪ_ಗೌರಿ
ನೋಡಿದ್ರಾ! ಅಜ್ಜಿ ಹೇಳಿದ್ದನ್ನೇ ಸ್ವೀಡನ್ನಿನವರು ಹತ್ತು ಲಕ್ಷ ಜನರನ್ನು ಲೆಕ್ಕ ಹಾಕಿ ಹೇಳಿದ್ದಾರೆ.

ಲೆಕ್ಕದ_ಮೇಷ್ಟ್ರು
ಅಕ್ಕ, ಪೂರ್ತಿ ಓದಿ. ಆಸ್ಪತ್ರೆ ಸೇರುವಷ್ಟು ವಾಂತಿ ಆದ ನೂರು ಜನರನ್ನು ಸಾಲಾಗಿ ನಿಲ್ಲಿಸಿ, ಎಲ್ಲರಿಗೂ "ಹೆಣ್ಣೇ" ಅಂತ ಹೇಳಿ. ನಲವತ್ನಾಲ್ಕು ಮನೆಯಲ್ಲಿ ನಿಮ್ಮ ಮಾತು ತಪ್ಪಾಗುತ್ತದೆ. ಸುಮ್ನೆ ನಾಣ್ಯ ಚಿಮ್ಮಿದರೆ ಐವತ್ತು ತಪ್ಪು. ಅಜ್ಜಿಯ ಜ್ಞಾನಕ್ಕೂ ನಾಣ್ಯಕ್ಕೂ ಇರುವ ಅಂತರ ಅಷ್ಟೇ. ಅದೂ ಇದು ತೀರಾ ಜೋರಾದ ವಾಂತಿಯ ಲೆಕ್ಕ. ಮಾಮೂಲಿ ಓಕರಿಕೆ ಹತ್ತರಲ್ಲಿ ಏಳೆಂಟು ಬಸುರಿಯರಿಗೆ ಇರುತ್ತದೆ, ಅದರಲ್ಲಿ ಗಂಡು ಹೆಣ್ಣು ಹುಡುಕಲು ಹೋಗಬೇಡಿ.

ಇನ್ನೊಂದು ವಿಷಯ. ಸರಿಯಾದದ್ದು ನೆನಪಿರುತ್ತದೆ, ತಪ್ಪಿದ್ದು ಮರೆತುಹೋಗುತ್ತದೆ. "ಹೆಣ್ಣು ಅಂದಿದ್ದೆ, ಗಂಡಾಯಿತು" ಅಂತ ಯಾರೂ ನಾಮಕರಣದ ದಿನ ಎದ್ದು ನಿಂತು ಹೇಳುವುದಿಲ್ಲ.

ಮರಗೋಡಿನ_ಮಾವ
ಮೇಷ್ಟ್ರು ಇವತ್ತು ಫಾರ್ಮಲ್ಲಿ ಇದ್ದಾರೆ 😄

ಕುಶಾಲನಗರ_ಕಾವ್ಯ
ಇಂಗ್ಲೆಂಡಿನ ಕೇಟ್ ಮಿಡಲ್‌ಟನ್‌ಗೂ ಇದೇ ಕಾಯಿಲೆ ಅಲ್ವಾ? 2012ರಲ್ಲಿ ಆಸ್ಪತ್ರೆ ಸೇರಿದ್ದು ದೊಡ್ಡ ಸುದ್ದಿಯಾಗಿತ್ತು. ಹುಟ್ಟಿದ್ದು ಗಂಡು, ಜಾರ್ಜ್. ಆಮೇಲೆ 2015ರಲ್ಲಿ ಹೆಣ್ಣು, 2018ರಲ್ಲಿ ಮತ್ತೆ ಗಂಡು. ಮೂರು ಸಲವೂ ವಾಂತಿ. ಗೌರಿಯಕ್ಕನ ಅಜ್ಜಿ ಅರಮನೆಗೆ ಹೋಗಿದ್ದರೆ ಮೂರಕ್ಕೆ ಒಂದು ಮಾರ್ಕು.

ಸಿಸ್ಟರ್_ವಿರಾಜಪೇಟೆ
ಎಲ್ಲರೂ ಗಂಡು ಹೆಣ್ಣು ಅಂತ ಜಗಳ ಆಡುತ್ತಿದ್ದೀರಿ. ಆ ಹುಡುಗಿ ನೀರೂ ನಿಲ್ಲುತ್ತಿಲ್ಲ ಅಂತ ಬರೆದದ್ದನ್ನು ಯಾರೂ ಓದಲಿಲ್ವಾ?

ತಂಗಿ, ನಾನು ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುವವಳು. ಇದು ಮಾಮೂಲಿ ಬಸಿರಿನ ವಾಂತಿ ಅಲ್ಲ ಅನ್ನಿಸುತ್ತದೆ. ಇದಕ್ಕೆ ಹೈಪರ್‌ಎಮೆಸಿಸ್ ಅನ್ನುತ್ತಾರೆ. ನೂರರಲ್ಲಿ ಹೆಚ್ಚೆಂದರೆ ಮೂವರಿಗೆ ಬರುತ್ತದೆ, ಬಂದವರಿಗೆ ಮಾತ್ರ ನರಕ. ಈಗಲೇ ಇಷ್ಟು ನೋಡು. ಬಸಿರಿಗೆ ಮೊದಲು ಎಷ್ಟು ತೂಕ ಇದ್ದೆ, ಈಗ ಎಷ್ಟು? ನೂರಕ್ಕೆ ಐದು ಪಾಲು ಇಳಿದಿದ್ದರೆ ಕಾಯಬೇಡ. ಐವತ್ತು ಕೆ.ಜಿ. ಇದ್ದವಳು ಎರಡೂವರೆ ಕೆ.ಜಿ. ಇಳಿದರೆ ಅಷ್ಟಾಯಿತು. ಮೂತ್ರ ಚಹಾ ಡಿಕಾಕ್ಷನ್ ಬಣ್ಣಕ್ಕೆ ಬಂದಿದೆಯಾ? ಎಂಟು ಗಂಟೆಯಿಂದ ಮೂತ್ರವೇ ಆಗಿಲ್ವಾ? ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದಾ? ಒಂದು ಇಡೀ ದಿನ ಏನೂ ನಿಂತಿಲ್ವಾ? ಇದರಲ್ಲಿ ಒಂದು ಇದ್ದರೂ ಇವತ್ತೇ ಆಸ್ಪತ್ರೆಗೆ ಹೋಗು. ಮೂತ್ರದಲ್ಲಿ ಕೀಟೋನ್, ಅಂದರೆ ಊಟ ನಿಲ್ಲದೆ ಮೈಯ ಕೊಬ್ಬು ಕರಗಿದಾಗ ಬರುವ ಅಂಶ ನೋಡಿ, ಡ್ರಿಪ್ ಹಾಕುತ್ತಾರೆ. ಥೈರಾಯ್ಡ್ ನೋಡುತ್ತಾರೆ. ಅವಳಿ ಮಗು ಇದ್ದರೂ ವಾಂತಿ ಜಾಸ್ತಿ, ಅದಕ್ಕೆ ಒಂದು ಸ್ಕ್ಯಾನ್ ಕೂಡ ಮಾಡುತ್ತಾರೆ.

ತಾಯಿ ಕಾರ್ಡ್ ಮರೆಯಬೇಡ.

ಶುಂಠಿ_ಬೆಳೆಗಾರ
ಶುಂಠಿ ಕಷಾಯಕ್ಕೆ ಸ್ವಲ್ಪ ಜೇನು ಹಾಕಿ ಕುಡಿಯಿರಿ. ಎಲ್ಲ ಸರಿಹೋಗುತ್ತದೆ. ಬೇಕಾದರೆ ನಮ್ಮ ಹೊಲದ್ದೇ ಕೊಡುತ್ತೇನೆ.

ಅರೆಭಾಷೆ_ಅಮ್ಮಿ
ಶುಂಠಿ ಹೇಳುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಸಣ್ಣ ಓಕರಿಕೆಗೆ ಶುಂಠಿ ಒಳ್ಳೆಯದೇ, ಇಲ್ಲ ಅನ್ನುವುದಿಲ್ಲ. ನೀರೇ ನಿಲ್ಲದವಳಿಗೆ ಕಷಾಯ ಎಲ್ಲಿ ನಿಲ್ಲುತ್ತದೆ? ಖಾರದ ಕಷಾಯ ವಾಪಸ್ ಬರುವಾಗ ಗಂಟಲು, ಮೂಗು ಎಲ್ಲ ಉರಿದು ಹೋಗುತ್ತದೆ. ಕುಡಿದು ನೋಡಿದವಳು ಹೇಳುತ್ತಿದ್ದೇನೆ.

ನನ್ನದು ಹೇಳುತ್ತೇನೆ ಕೇಳಿ. ಕಾಫಿ ಕೊಯ್ಲಿನ ಸಮಯ. ಮನೆ ಪಕ್ಕದಲ್ಲೇ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್. ಆ ಸಿಪ್ಪೆ ಕೊಳೆತ ನೀರಿನ ವಾಸನೆ ಗೊತ್ತಲ್ಲ, ಬೇರೆ ಸಮಯದಲ್ಲಿ ಅದು ನಮಗೆ ದುಡ್ಡಿನ ವಾಸನೆ. ಆ ವರ್ಷ ಮಾತ್ರ ಸೆರಗು ಮೂಗಿಗೆ ಕಟ್ಟಿಕೊಂಡೇ ಇದ್ದೆ. ಹಲ್ಲುಜ್ಜುವ ಪೇಸ್ಟ್ ಆಗುತ್ತಿರಲಿಲ್ಲ, ಗಂಡನ ಸೋಪು ಆಗುತ್ತಿರಲಿಲ್ಲ, ಗಂಡನೂ ಆಗುತ್ತಿರಲಿಲ್ಲ. ಉಗುಳು ನುಂಗಲು ಆಗದೆ ಬದಿಯಲ್ಲಿ ಒಂದು ಲೋಟ ಇಟ್ಟುಕೊಂಡಿದ್ದೆ. ಒಂದು ಆಸ್ಪತ್ರೆಗೆ ಹೋದರೆ "ಬಸುರಿ ಅಂದಮೇಲೆ ವಾಂತಿ ಇರುತ್ತದೆ, ಮನಸ್ಸು ಗಟ್ಟಿ ಮಾಡಿಕೊಳ್ಳಿ" ಅಂತ ಒಂದು ಬಾಟಲ್ ಗ್ಲೂಕೋಸ್ ಏರಿಸಿ ಕಳಿಸಿದರು. ವಾಪಸ್ ಬರುವಾಗ ಘಾಟಿ ತಿರುವಿನಲ್ಲಿ ಜೀಪಿನಿಂದ ತಲೆ ಹೊರಗೆ ಹಾಕಿದವಳು ಮನೆ ಬರುವ ತನಕ ಒಳಗೆ ತೆಗೆದುಕೊಳ್ಳಲಿಲ್ಲ. ಆಮೇಲೆ ಅಮ್ಮನೇ ಬಂದು ಇನ್ನೊಂದು ಕಡೆ ಸೇರಿಸಿದರು. ಅಲ್ಲಿ ಕೀಟೋನ್ ನೋಡಿ ಅಲ್ಲೇ ಇಟ್ಟುಕೊಂಡರು.

ಮನಸ್ಸು ಗಟ್ಟಿ ಮಾಡು ಅನ್ನುವ ಮಾತು ವಾಂತಿಗಿಂತ ಜಾಸ್ತಿ ನೋವು ಕೊಟ್ಟಿತು. ಬಸಿರೇ ಬೇಡ ಅನ್ನಿಸಿದ ರಾತ್ರಿಗಳೂ ಇದ್ದವು, ಅದನ್ನು ಯಾರ ಹತ್ತಿರ ಹೇಳುವುದು?

ಮಗು? ಗಂಡು. ಈಗ ಶಾಲೆಗೆ ಹೋಗುತ್ತಾನೆ.

ಶುಂಠಿ_ಬೆಳೆಗಾರ
ಆಯಿತಮ್ಮ, ಶುಂಠಿ ವಾಪಸ್ ತೆಗೆದುಕೊಂಡೆ. ಹೇಗೂ ರೇಟ್ ಇಲ್ಲ.

ಸಿಸ್ಟರ್_ವಿರಾಜಪೇಟೆ
ಅಮ್ಮಿ ಬರೆದದ್ದರಲ್ಲಿ ಒಂದು ಮಾತು ಎಲ್ಲರೂ ಗಮನಿಸಿ. ಬರೀ ಗ್ಲೂಕೋಸ್ ಏರಿಸುವುದು ಸರಿಯಲ್ಲ. ವಾರಗಟ್ಟಲೆ ವಾಂತಿ ಆದವರ ಮೈಯಲ್ಲಿ ಬಿ1 ವಿಟಮಿನ್, ಅಂದರೆ ಥಯಾಮಿನ್ ಖಾಲಿಯಾಗಿರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಹಾಕಿದರೆ ಮಿದುಳಿಗೆ ಪೆಟ್ಟು ಬೀಳುವ ಅಪಾಯ ಇದೆ. ಮೊದಲು ಥಯಾಮಿನ್, ಜೊತೆಗೆ ಸಲೈನ್, ಪೊಟ್ಯಾಷಿಯಂ ಕಡಿಮೆ ಇದ್ದರೆ ಅದೂ. "ಸಿಸ್ಟರ್, ಥಯಾಮಿನ್ ಕೊಟ್ಟಿದ್ದೀರಾ?" ಅಂತ ಕೇಳಿ. ಕೇಳಿದರೆ ಯಾರೂ ಕೋಪ ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೂ ಕೇಳಿ.

ಹೊಸಬ_ಸೋಮವಾರಪೇಟೆ
ಸುಮ್ನೆ ಇಷ್ಟೆಲ್ಲ ಯಾಕೆ, ಸ್ಕ್ಯಾನಿಂಗಲ್ಲಿ ಗೊತ್ತಾಗುತ್ತದಲ್ಲ? ಎಲ್ಲಿ ಹೇಳುತ್ತಾರೆ ಅಂತ ಯಾರಿಗಾದರೂ ಗೊತ್ತಾ?

ಅಡ್ಮಿನ್
ಈ ಪ್ರಶ್ನೆಗೆ ಇಲ್ಲಿ ಯಾರೂ ಉತ್ತರ ಕೊಡುವಂತಿಲ್ಲ. 1994ರ ಕಾಯ್ದೆ ಪ್ರಕಾರ ಹೊಟ್ಟೆಯಲ್ಲಿರುವ ಮಗು ಗಂಡೋ ಹೆಣ್ಣೋ ಅಂತ ಬಾಯಲ್ಲಿ ಹೇಳಿದರೂ ಅಪರಾಧ, ಸನ್ನೆ ಮಾಡಿದರೂ ಅಪರಾಧ. ಮೊದಲ ಸಲಕ್ಕೇ ಮೂರು ವರ್ಷದ ತನಕ ಜೈಲು, ಹತ್ತು ಸಾವಿರ ರೂಪಾಯಿ ತನಕ ದಂಡ. ಇನ್ನೊಮ್ಮೆ ಕೇಳಿದರೆ ಖಾತೆ ಬಂದ್.

ಗೋಣಿಕೊಪ್ಪ_ಗೌರಿ
ಹಾಗಾದರೆ ನಮ್ಮಜ್ಜಿಯನ್ನೂ ಒಳಗೆ ಹಾಕುತ್ತೀರಾ?

ಅಡ್ಮಿನ್
ಅಜ್ಜಿ ಸ್ಕ್ಯಾನಿಂಗ್ ಸೆಂಟರ್ ಇಟ್ಟಿದ್ದರೆ ಹೌದು.

ಹೊಸಬ_ಸೋಮವಾರಪೇಟೆ
ನಾನು ಕೆಟ್ಟ ಉದ್ದೇಶದಿಂದ ಕೇಳಿದ್ದಲ್ಲ. ಕೊಡಗಿನಲ್ಲಿ ಹೆಣ್ಣುಮಕ್ಕಳು ಬೇಡ ಅನ್ನುವವರು ಯಾರೂ ಇಲ್ಲ. 2011ರ ಜನಗಣತಿಯಲ್ಲೇ ಸಾವಿರ ಗಂಡಸರಿಗೆ 1,019 ಹೆಂಗಸರು. ರಾಜ್ಯದ ಲೆಕ್ಕ 973.

ಲೆಕ್ಕದ_ಮೇಷ್ಟ್ರು
ಆ 1,019 ಎಲ್ಲ ವಯಸ್ಸಿನವರದ್ದು. ಗಂಡಸರು ಕೆಲಸಕ್ಕೆ, ಮಿಲಿಟರಿಗೆ ಅಂತ ಹೊರಗೆ ಹೋಗುತ್ತಾರೆ, ಹೆಂಗಸರು ಜಾಸ್ತಿ ವರ್ಷ ಬದುಕುತ್ತಾರೆ. ಆರು ವರ್ಷದೊಳಗಿನ ಮಕ್ಕಳ ಲೆಕ್ಕ ತೆಗೆದು ನೋಡಿ, ಅದು ಇಲ್ಲೂ ಸಾವಿರದ ಕೆಳಗೇ ಇದೆ. ಎದೆ ತಟ್ಟಿಕೊಳ್ಳುವ ಮೊದಲು ಯಾವ ಸಾಲು ಓದುತ್ತಿದ್ದೀರಿ ಅಂತ ನೋಡಿಕೊಳ್ಳಿ.

ಮರಗೋಡಿನ_ಮಾವ
"ಯಾರೂ ಇಲ್ಲ" ಅನ್ನುವುದೂ ಸುಳ್ಳು. ಇಲ್ಲಿ ಬಾಯಲ್ಲಿ "ಯಾವುದಾದರೂ ಸರಿ" ಅಂತಾರೆ. ಎರಡನೆಯದೂ ಹೆಣ್ಣಾದಾಗ ಆಸ್ಪತ್ರೆಗೆ ನೋಡಲು ಬರುವವರ ಸಂಖ್ಯೆ ನೋಡಿ, ಗೊತ್ತಾಗುತ್ತದೆ. ಅದಕ್ಕೇ ಈ "ವಾಂತಿ ಜಾಸ್ತಿ, ಹೆಣ್ಣೇ" ಅನ್ನುವ ಮಾತು ನನಗೆ ತಮಾಷೆಯಾಗಿ ಕೇಳಿಸುವುದಿಲ್ಲ. ಕೆಲವು ಮನೆಗಳಲ್ಲಿ ಆ ಮಾತು ಬಿದ್ದ ದಿನದಿಂದ ಬಸುರಿಯ ಆರೈಕೆಯೇ ಕಡಿಮೆಯಾಗುತ್ತದೆ.

ಗೋಣಿಕೊಪ್ಪ_ಗೌರಿ
ನಾನು ಹಾಗೆ ಹೇಳಿದ್ದಲ್ಲಪ್ಪ. ನನ್ನ ಇಬ್ಬರೂ ನನಗೆ ಬಂಗಾರ.

ತೋಟದಮನೆ_ಸೊಸೆ
ಸಿಸ್ಟರ್ ಅಕ್ಕ, ನಿಮ್ಮ ಮಾತು ಓದಿ ಇವರು ಹಾಲ್‌ನಲ್ಲಿದ್ದ ಅಡಿಕೆ ತಕ್ಕಡಿ ತಂದು ನನ್ನನ್ನು ನಿಲ್ಲಿಸಿ ತೂಗಿದರು. ನಾಲ್ಕು ಕೆ.ಜಿ. ಇಳಿದಿದ್ದೇನೆ. ಆಗಲೇ ಮಡಿಕೇರಿಗೆ ಹೊರಟೆವು. ಕೀಟೋನ್ ಮೂರು ಪ್ಲಸ್, ಅಂದರೆ ತುಂಬಾ ಜಾಸ್ತಿ ಅಂತೆ. ಸೇರಿಸಿಕೊಂಡಿದ್ದಾರೆ, ಡ್ರಿಪ್ ಹೋಗುತ್ತಿದೆ. ಥಯಾಮಿನ್ ಕೇಳಿದೆ. ಮೊದಲೇ ಕೊಟ್ಟಿದ್ದರು. ಸಿಸ್ಟರ್ ನಕ್ಕು "ಯಾರು ಹೇಳಿಕೊಟ್ಟರು?" ಅಂದರು. ಒಂದೇ ಮಗು, ಅವಳಿ ಅಲ್ಲ. ಎದೆಬಡಿತ ಕೇಳಿಸಿದರು.

ಅತ್ತೆಗೆ ಫೋನ್ ಮಾಡಿದರೆ "ಅಡ್ಮಿಟ್ ಆಗುವಷ್ಟಾ? ನಮಗೆಲ್ಲ ಇರಲಿಲ್ಲ" ಅಂತ ಅದೇ ಮಾತು. ಬೇಜಾರಾಯಿತು.

ಲೆಕ್ಕದ_ಮೇಷ್ಟ್ರು
ನಿಮ್ಮ ಅತ್ತೆಗೆ ನಾರ್ವೆಯಿಂದ ಉತ್ತರ ಇದೆ. 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದದ್ದು. ಅಮ್ಮನಿಗೆ ಈ ಕಾಯಿಲೆ ಬಂದಿದ್ದರೆ ಮಗಳಿಗೆ ಬರುವ ಸಾಧ್ಯತೆ ಮೂರು ಪಟ್ಟು. ಅತ್ತೆಗೆ ಬಂದಿದ್ದರೂ ಸೊಸೆಗೆ ಏನೂ ವ್ಯತ್ಯಾಸ ಇಲ್ಲ. ಇದು ಬರುವುದು ತವರಿನ ಕಡೆಯಿಂದ. ಆದ್ದರಿಂದ ಅತ್ತೆ ತೋಟಕ್ಕೆ ಹೋಗಿದ್ದರೋ ಗುಡ್ಡ ಹತ್ತಿದ್ದರೋ, ನಿಮ್ಮ ವಾಂತಿಯ ಲೆಕ್ಕಕ್ಕೆ ಅದು ಬರುವುದೇ ಇಲ್ಲ. ನಿಮ್ಮ ಅಮ್ಮನನ್ನು ಕೇಳಿ.

ತೋಟದಮನೆ_ಸೊಸೆ
ಕೇಳಿದೆ. ನಾನು ಹೊಟ್ಟೆಯಲ್ಲಿದ್ದಾಗ ಅಮ್ಮನೂ ಆಸ್ಪತ್ರೆ ಸೇರಿದ್ದರಂತೆ. ಹೆದರುತ್ತೀಯ ಅಂತ ಇಷ್ಟು ದಿನ ಹೇಳಿರಲಿಲ್ಲವಂತೆ!

ಗೋಣಿಕೊಪ್ಪ_ಗೌರಿ
ನೀನು ಹೆಣ್ಣು ತಾನೇ? ನೋಡಿ ಮೇಷ್ಟ್ರೇ.

ಕುಶಾಲನಗರ_ಕಾವ್ಯ
ಗೌರಿಯಕ್ಕ ಬಿಡುವವರಲ್ಲ 😂

ಬಯಾಲಜಿ_ಹುಡುಗ
ಕಾರಣ ಈಗ ಸುಮಾರು ಗೊತ್ತಾಗಿದೆ. ಮೊದಲೆಲ್ಲ ಬಸಿರಿನಲ್ಲಿ ಏರುವ ಎಚ್‌ಸಿಜಿ ಹಾರ್ಮೋನ್ ಒಂದರ ಮೇಲೇ ತಪ್ಪು ಹಾಕುತ್ತಿದ್ದರು. ಹೆಣ್ಣು ಮಗು ಇದ್ದಾಗ ತಾಯಿಯ ರಕ್ತದಲ್ಲಿ ಅದು ಸ್ವಲ್ಪ ಜಾಸ್ತಿ ಇರುತ್ತದೆ, ಅದಕ್ಕೇ ಸ್ವೀಡನ್ ಲೆಕ್ಕ ಹೆಣ್ಣಿನ ಕಡೆ ವಾಲಿರಬಹುದು ಅನ್ನುವ ವಾದ ಇದೆ. 2023ರ ಡಿಸೆಂಬರಿನಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಸಂಶೋಧನೆ ಜಿಡಿಎಫ್15 ಅನ್ನುವ ಇನ್ನೊಂದು ಹಾರ್ಮೋನ್ ಕಡೆ ಬೆರಳು ತೋರಿಸಿತು. ಬಸಿರಿನಲ್ಲಿ ಇದು ಬಹುಪಾಲು ಮಗು ಮತ್ತು ಮಾಸಿನಿಂದ ತಾಯಿಯ ರಕ್ತಕ್ಕೆ ಬರುತ್ತದೆ, ಮಿದುಳಿಗೆ ಹೋಗಿ ವಾಂತಿ ಬರಿಸುತ್ತದೆ. ಬಸಿರಿಗೆ ಮೊದಲು ಇದು ಮೈಯಲ್ಲಿ ಕಡಿಮೆ ಇದ್ದವರಿಗೆ ಅಭ್ಯಾಸ ಇರುವುದಿಲ್ಲ, ಒಮ್ಮೆಗೇ ಏರಿದಾಗ ತಡೆಯಲಾಗುವುದಿಲ್ಲ. ಬೀಟಾ ಥಲಸೀಮಿಯಾ ಅನ್ನುವ ರಕ್ತದ ಕಾಯಿಲೆ ಇದ್ದವರಲ್ಲಿ ಇದು ಮೊದಲೇ ಜಾಸ್ತಿ. ಅವರಿಗೆ ಬಸಿರಿನ ವಾಂತಿ ತೀರಾ ಕಡಿಮೆ.

ಇದರ ಹಿಂದೆ ಬಿದ್ದ ವಿಜ್ಞಾನಿ ಮಾರ್ಲೆನಾ ಫೆಜೊ. ಅವರಿಗೇ 1999ರಲ್ಲಿ ಈ ಕಾಯಿಲೆಯಿಂದ ಮಗು ಹೋಯಿತು. ಆಗ ಅವರ ಡಾಕ್ಟರ್ ಇದನ್ನು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ.

ಅರೆಭಾಷೆ_ಅಮ್ಮಿ
"ಮನಸ್ಸು ಗಟ್ಟಿ ಮಾಡಿಕೊಳ್ಳಿ" ಅಂದವರಿಗೆ ಇದನ್ನು ಪ್ರಿಂಟ್ ಹಾಕಿ ಕಳಿಸಬೇಕು.

ತೋಟದಮನೆ_ಸೊಸೆ
ಮಾವನವರು ಬಂದಿದ್ದರು. ಡ್ರಿಪ್ ಸರಿ, ಮಾತ್ರೆ ಮಾತ್ರ ಬೇಡ, ಮಗುವಿನ ಕೈಕಾಲಿಗೆ ತೊಂದರೆ ಅಂತಾರೆ. ಡಾಕ್ಸಿನೇಟ್ ಬರೆದುಕೊಟ್ಟಿದ್ದಾರೆ. ಏನು ಹೇಳಲಿ?

ಸಿಸ್ಟರ್_ವಿರಾಜಪೇಟೆ
ಮಾವನವರ ಹೆದರಿಕೆಗೆ ಕಾರಣ ಇದೆ. 1950ರ ದಶಕದ ಕೊನೆಯಲ್ಲಿ ಯುರೋಪಿನಲ್ಲಿ ತಾಲಿಡೊಮೈಡ್ ಅಂತ ಮಾತ್ರೆ ಬಸುರಿಯರ ಓಕರಿಕೆಗೂ ಕೊಟ್ಟರು. ಸಾವಿರಾರು ಮಕ್ಕಳು ಕೈಕಾಲು ಸರಿಯಿಲ್ಲದೆ ಹುಟ್ಟಿದವು, 1961ರಲ್ಲಿ ನಿಲ್ಲಿಸಿದರು. ಆ ಭಯ ಈಗಲೂ ಉಳಿದಿದೆ. ನಿನಗೆ ಕೊಟ್ಟದ್ದು ಅದಲ್ಲ. ಇದರಲ್ಲಿ ಡಾಕ್ಸಿಲಮೈನ್ ಮತ್ತು ಬಿ6 ವಿಟಮಿನ್ ಇರುತ್ತದೆ. ಅಮೆರಿಕದಲ್ಲಿ ಇದನ್ನೂ ಹೆದರಿಕೆಗೆ, ಕೋರ್ಟ್ ಕೇಸಿಗೆ 1983ರಲ್ಲಿ ಮಾರುಕಟ್ಟೆಯಿಂದ ತೆಗೆದಿದ್ದರು. ಎಷ್ಟು ಹುಡುಕಿದರೂ ಮಗುವಿಗೆ ತೊಂದರೆ ಕಾಣಲಿಲ್ಲ, 2013ರಲ್ಲಿ ವಾಪಸ್ ತಂದರು. ಡಾಕ್ಟರ್ ಹೇಳಿದಷ್ಟೇ ತೆಗೆದುಕೋ. ನಿದ್ದೆ ಬರುತ್ತದೆ, ಸ್ಕೂಟರ್ ಹತ್ತಬೇಡ. ಇದಕ್ಕೆ ಬಗ್ಗದಿದ್ದರೆ ಬೇರೆ ಮದ್ದೂ ಇದೆ, ಸುಮ್ಮನೆ ಸಹಿಸಿಕೊಂಡು ಕೂರಬೇಡ.

ಐರನ್ ಮಾತ್ರೆ ತಿಂದ ಮೇಲೆ ವಾಂತಿ ಜಾಸ್ತಿ ಆಗುತ್ತದಾ? ಹಾಗಿದ್ದರೆ ಡಾಕ್ಟರಿಗೆ ಹೇಳು, ಕೆಲವು ದಿನ ನಿಲ್ಲಿಸಬಹುದು.

ಮರಗೋಡಿನ_ಮಾವ
ಆಗಸ್ಟ್ 3 ಬರುತ್ತಿದೆ, ನಮ್ಮ ಕಕ್ಕಡ ತಿಂಗಳ ಹದಿನೆಂಟನೇ ದಿನ. ಮನೆಯವರು ಮದ್ದುಸೊಪ್ಪಿನ ಪಾಯಸ ಬಾಯಿಗೆ ಹಿಡಿಯುತ್ತಾರೆ, ಹುಷಾರು. ಅದನ್ನು ತಿಂದು ಅವತ್ತು ಊರಿಗೆಲ್ಲ ಮೂತ್ರ ಕೆಂಪು. ಸಿಸ್ಟರ್ ಹೇಳಿದ ಬಣ್ಣದ ಪರೀಕ್ಷೆ ಅವತ್ತು ನಡೆಯುವುದಿಲ್ಲ!

ಸಿಸ್ಟರ್_ವಿರಾಜಪೇಟೆ
ಮಾವ, ಅದು ನಿಜವಾಗಿ ಒಳ್ಳೆ ಮಾತು. ಆ ವಾರ ಬಣ್ಣ ನೋಡಿ ಗಾಬರಿಯಾಗಿ ಬರುವವರು ಇದ್ದೇ ಇರುತ್ತಾರೆ. ವಾಂತಿ ಆಗುತ್ತಿರುವವಳಿಗೆ ಪಾಯಸ ಒತ್ತಾಯ ಮಾಡಬೇಡಿ. ಮುಂದಿನ ವರ್ಷವೂ ಕಕ್ಕಡ ಬರುತ್ತದೆ.

ಕುಶಾಲನಗರ_ಕಾವ್ಯ
ಎದೆಯುರಿ ಜಾಸ್ತಿ ಇದ್ದರೆ ಮಗುವಿಗೆ ಕೂದಲು ಜಾಸ್ತಿ ಅನ್ನುವುದು? ಅದೂ ಅಜ್ಜಿ ಕತೆನಾ?

ಲೆಕ್ಕದ_ಮೇಷ್ಟ್ರು
ನಂಬುವುದಿಲ್ಲ ನೀವು. ಅಮೆರಿಕದವರು ಅದು ಸುಳ್ಳು ಅಂತ ತೋರಿಸಲು ಹೋಗಿ 2006ರಲ್ಲಿ ನಿಜ ಅಂತ ಬರೆದರು. ಆದರೆ ನೋಡಿದ್ದು ಬರೀ 64 ಬಸುರಿಯರನ್ನು.

ಗೋಣಿಕೊಪ್ಪ_ಗೌರಿ
ಅಜ್ಜಿ ಅದನ್ನೂ ಹೇಳುತ್ತಿದ್ದರು.

ನಾಪೋಕ್ಲು_ಗಂಡ
ನಾನು ಇವಳ ಗಂಡ. ಹೊಸ ಖಾತೆ ಮಾಡಿಕೊಂಡು ಬಂದೆ. ನಾಡಿದ್ದು ಡಿಸ್ಚಾರ್ಜ್. ಅಪ್ಪನಿಗೆ ಸಿಸ್ಟರ್ ಬರೆದದ್ದನ್ನು ಓದಿ ಹೇಳಿದೆ, "ಡಾಕ್ಟರ್ ಹೇಳಿದ ಹಾಗೆ ಮಾಡಿ" ಅಂದು ಎದ್ದು ಹೋದರು. ಮನೆಗೆ ಬಂದ ಮೇಲೆ ಅಡುಗೆ ನಾನೇ ಮಾಡುತ್ತೇನೆ. ಒಣಮೀನು, ಕಣಿಲೆ ಬಂದ್. ಏನು ಕೊಡಲಿ?

ಅರೆಭಾಷೆ_ಅಮ್ಮಿ
ಏನು ಕೊಡಲಿ ಅಂತ ನಮ್ಮನ್ನಲ್ಲ, ಅವಳನ್ನು ಕೇಳಿ. ಇವತ್ತು ಹಿಡಿಸಿದ್ದು ನಾಳೆ ಹಿಡಿಸುವುದಿಲ್ಲ, ಅದಕ್ಕೆ ಕೋಪ ಮಾಡಿಕೊಳ್ಳಬೇಡಿ. ನನಗೆ ಹೊಟ್ಟೆಯಲ್ಲಿ ನಿಂತದ್ದು ಒಣ ಅಕ್ಕಿ ರೊಟ್ಟಿ ಚೂರು, ಉಪ್ಪು ಹಾಕಿದ ಮಜ್ಜಿಗೆ, ಐಸ್ ಚೂರು, ಕಿತ್ತಳೆ ತೊಳೆ. ಹಾಸಿಗೆಯಿಂದ ಏಳುವ ಮೊದಲೇ ಒಂದು ಚೂರು ಬಾಯಿಗೆ ಹಾಕಿಕೊಳ್ಳಲಿ. ನೀರು ಲೋಟದಲ್ಲಿ ಕೊಡಬೇಡಿ, ಚಮಚದಲ್ಲಿ ಕೊಡಿ. ಒಗ್ಗರಣೆ ಹಾಕುವುದಿದ್ದರೆ ಹೊರಗಿನ ಒಲೆಯಲ್ಲಿ ಹಾಕಿ.

ಸಿಸ್ಟರ್_ವಿರಾಜಪೇಟೆ
ಎಲ್ಲವನ್ನೂ ಆರಿಸಿ ತಣ್ಣಗೇ ಕೊಡಿ. ಬಿಸಿ ಇದ್ದಷ್ಟೂ ವಾಸನೆ ಜಾಸ್ತಿ. ಮತ್ತೆ ತೂಕ ವಾರಕ್ಕೊಮ್ಮೆ ನೋಡಿ, ಅದೇ ಅಡಿಕೆ ತಕ್ಕಡಿ ಆದರೂ ಪರವಾಗಿಲ್ಲ. ಹೆಚ್ಚಿನವರಿಗೆ ಇಪ್ಪತ್ತನೇ ವಾರದ ಹೊತ್ತಿಗೆ ಇಳಿಯುತ್ತದೆ. ಮತ್ತೆ ನೀರು ನಿಲ್ಲದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ರಸ್ತೆಗೆ ಮರ ಬಿದ್ದಿದ್ದರೂ 108ಕ್ಕೆ ಫೋನ್ ಮಾಡಿ.